ಹಲವುಗಳಿಂದ ಒಂದು: ಚಾರ್ಲ್ಸ್ ಥಾಮ್ಸನ್ನನ ಬದುಕು

ಅಮೆರಿಕ ಸಂಯುಕ್ತ ಸಂಸ್ಥಾನಗಳ ನಾಣ್ಯವೊಂದನ್ನು ಅಂಗೈಯಲ್ಲಿಟ್ಟು ನೋಡಿದರೆ ಅದರ ಮೇಲೆ ಸಣ್ಣ ಅಕ್ಷರಗಳಲ್ಲಿ ಮೂರು ಲ್ಯಾಟಿನ್ ಪದಗಳು ಕಾಣುತ್ತವೆ: ‘ಎ ಪ್ಲೂರಿಬುಸ್ ಊನುಮ್’. ‘ಹಲವುಗಳಿಂದ ಒಂದು’ ಎಂದು ಅದನ್ನು ಕನ್ನಡಿಸಬಹುದು. ಆ ರಾಷ್ಟ್ರದ ಮಹಾಮುದ್ರೆಯಲ್ಲಿ ಹದ್ದು ಕೊಕ್ಕಿನಲ್ಲಿ ಕಚ್ಚಿ ಹಿಡಿದಿರುವ ಪಟ್ಟಿಯ ಮೇಲಿರುವುದೂ ಇದೇ ವಾಕ್ಯ. ಭಾರತದ ರಾಷ್ಟ್ರಲಾಂಛನದ ವಾಕ್ಯ ಎಲ್ಲಿಯದೆಂದು ಕೇಳಿದರೆ ಮುಂಡಕೋಪನಿಷತ್ತಿನದೆಂದು ಒಂದೇ ಮಾತಿನಲ್ಲಿ ಉತ್ತರಿಸಬಹುದು. ಅಮೆರಿಕದ ವಾಕ್ಯದ ಮೂಲವನ್ನು ಹಾಗೆ ಬೆರಳಿಟ್ಟು ತೋರಿಸುವುದು ಸುಲಭವಲ್ಲ. ಅದರಲ್ಲಿರುವ ‘ಹಲವು’ ಯಾರು ಎಂಬುದಂತೂ ಇಂದಿಗೂ ವಿವಾದದ ವಿಷಯ. ಆ ವಾಕ್ಯವನ್ನು ಹದ್ದಿನ ಕೊಕ್ಕಿಗಿಟ್ಟವನು ಒಬ್ಬ ಹಳೆಯ ಲ್ಯಾಟಿನ್ ಮೇಷ್ಟ್ರು. ಹೆಸರು ಚಾರ್ಲ್ಸ್ ಥಾಮ್ಸನ್. ಅವನ ಕಾಲದಲ್ಲಿ ಸರ್ಕಾರದ ಕಾಗದಪತ್ರಗಳ ಮೇಲೆಲ್ಲ ಈ ಹೆಸರಿರುತ್ತಿತ್ತು. 1776ರ ಜುಲೈ ತಿಂಗಳಲ್ಲಿ ಸ್ವಾತಂತ್ರ್ಯ ಘೋಷಣೆ ಮೊದಲ ಬಾರಿಗೆ ಮುದ್ರಣಗೊಂಡಾಗ ಅದರ ಕೆಳಗೆ ಅಚ್ಚಾದ ಹೆಸರುಗಳು ಎರಡೇ: ಅಧ್ಯಕ್ಷ ಜಾನ್ ಹ್ಯಾನ್‌ಕಾಕ್, ಕಾರ್ಯದರ್ಶಿ ಚಾರ್ಲ್ಸ್ ಥಾಮ್ಸನ್.

ಥಾಮ್ಸನ್ ಹುಟ್ಟಿದ್ದು 1729ರಲ್ಲಿ, ಉತ್ತರ ಐರ್ಲೆಂಡಿನ ಲಂಡನ್‌ಡೆರಿ ಪ್ರಾಂತದ ಮಾಹೆರಾ ಎಂಬಲ್ಲಿ. ವಂಶ ಸ್ಕಾಟ್ ಮೂಲದ್ದು, ಮತ ಪ್ರೆಸ್ಬಿಟೇರಿಯನ್. ತಾಯಿ ತೀರಿಕೊಂಡ ಮೇಲೆ ತಂದೆ ಗಂಡುಮಕ್ಕಳನ್ನು ಕರೆದುಕೊಂಡು ಹಡಗು ಹತ್ತಿದ. ಅಮೆರಿಕದ ತೀರ ಇನ್ನೇನು ಕಣ್ಣಿಗೆ ಬಿದ್ದಿತು ಎನ್ನುವಾಗ ಅವನೂ ಹಡಗಿನಲ್ಲೇ ಅಸುನೀಗಿದ. ಹಡಗಿನ ಕಪ್ತಾನ ತಂದೆಯ ಹಣವನ್ನು ತನ್ನದಾಗಿಸಿಕೊಂಡು ಹುಡುಗರನ್ನು ಡೆಲವೇರ್ ನದಿಯ ದಂಡೆಯ ನ್ಯೂಕ್ಯಾಸಲ್ ಪಟ್ಟಣದಲ್ಲಿ ಇಳಿಸಿಬಿಟ್ಟನೆಂದು ಚರಿತ್ರಕಾರರು ಹೇಳುತ್ತಾರೆ. ಅಣ್ಣತಮ್ಮಂದಿರು ದಿಕ್ಕಿಗೊಬ್ಬರಾದರು. ಹತ್ತು ವರ್ಷದ ಚಾರ್ಲ್ಸ್ ಒಬ್ಬ ಕಮ್ಮಾರನ ಮನೆ ಸೇರಿದ. ತನ್ನನ್ನು ಕರಾರು ಬರೆಸಿಕೊಂಡು ಕುಲುಮೆಯ ಕೆಲಸಕ್ಕೆ ಹಚ್ಚುವ ಮಾತು ಒಂದು ರಾತ್ರಿ ಕಿವಿಗೆ ಬಿದ್ದಾಗ ಗಂಟು ಕಟ್ಟಿಕೊಂಡು ಓಡಿಹೋದನೆಂದೂ, ದಾರಿಯಲ್ಲಿ ಸಿಕ್ಕ ಗೃಹಿಣಿಯೊಬ್ಬಳು ಏನಾಗಬೇಕೆಂದಿರುವೆ ಎಂದು ಕೇಳಿದ್ದಕ್ಕೆ ವಿದ್ವಾಂಸನಾಗಬೇಕು ಎಂದನೆಂದೂ ಒಂದು ಕಥೆಯಿದೆ. ಇಂಥ ಕಥೆಗಳು ದೊಡ್ಡವರ ಬಾಲ್ಯಕ್ಕೆ ತಾವಾಗಿ ಬಂದು ಅಂಟಿಕೊಳ್ಳುತ್ತವೆ. ಕಥೆಯನ್ನು ಪಕ್ಕಕ್ಕಿಟ್ಟರೂ ಉಳಿಯುವ ಸಂಗತಿ ಇಷ್ಟು: ಹುಡುಗ ಪೆನ್ಸಿಲ್ವೇನಿಯದ ನ್ಯೂಲಂಡನ್ ಎಂಬಲ್ಲಿದ್ದ ಫ್ರಾನ್ಸಿಸ್ ಆಲಿಸನ್ನನ ಪಾಠಶಾಲೆ ಸೇರಿದ. ಆಲಿಸನ್ ಪಾದ್ರಿ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಲ್ಲಿ ಗಟ್ಟಿ ಪಂಡಿತ. ಅನಾಥ ಬಾಲಕನಿಗೆ ಅಲ್ಲಿ ದೊರೆತ ಆಸ್ತಿ ಈ ಎರಡು ಭಾಷೆಗಳು. ಮುಂದಿನ ಎಂಬತ್ತು ವರ್ಷ ಅವನು ಬದುಕಿದ್ದು ಒಂದಲ್ಲ ಒಂದು ಬಗೆಯಲ್ಲಿ ಈ ಆಸ್ತಿಯ ಮೇಲೆಯೇ.

1750ರ ಸುಮಾರಿಗೆ ಬೆಂಜಮಿನ್ ಫ್ರಾಂಕ್ಲಿನ್ ಫಿಲಡೆಲ್ಫಿಯದಲ್ಲಿ ಕಟ್ಟಿದ ಅಕಾಡೆಮಿಯಲ್ಲಿ ಥಾಮ್ಸನ್ ಲ್ಯಾಟಿನ್ ಬೋಧಕನಾದ. ಅನಂತರ ಕ್ವೇಕರ್ ಪಂಥದವರ ಶಾಲೆಯಲ್ಲಿ ಅದೇ ಕೆಲಸ ಮಾಡಿದ. ಅವನನ್ನು ತರಗತಿಯಿಂದ ಹೊರಗೆಳೆದು ಸಾರ್ವಜನಿಕ ಬದುಕಿಗೆ ತಂದವರು ಬಿಳಿಯರಲ್ಲ, ಡೆಲವೇರ್ ಎಂದು ವಸಾಹತುಗಾರರು ಕರೆಯುತ್ತಿದ್ದ ಲೆನಾಪೆ ಜನ. ಪೆನ್ಸಿಲ್ವೇನಿಯದ ಒಡೆಯರಾದ ಪೆನ್ ಮನೆತನದವರು 1737ರಲ್ಲಿ ಈ ಜನರ ಭೂಮಿಯನ್ನು ಕಿತ್ತುಕೊಂಡ ಬಗೆ ಕುಖ್ಯಾತವಾದದ್ದು. ಒಬ್ಬ ಮನುಷ್ಯ ಒಂದೂವರೆ ದಿನದಲ್ಲಿ ನಡೆಯಬಹುದಾದಷ್ಟು ನೆಲ ತಮ್ಮದೆಂದು ಹಳೆಯ ಪತ್ರವೊಂದನ್ನು ಮುಂದೊಡ್ಡಿ, ಮೊದಲೇ ದಾರಿ ಸವರಿಸಿ, ವೇಗವಾಗಿ ನಡೆಯಬಲ್ಲವರನ್ನು ಕೂಲಿಗೆ ಹಿಡಿದು, ಸುಮಾರು 60 ಮೈಲಿಯಷ್ಟು ದೂರವನ್ನು ಅಳೆಸಿಕೊಂಡಿದ್ದರು. ಇಪ್ಪತ್ತು ವರ್ಷಗಳ ಮೇಲೆ, 1757ರಲ್ಲಿ, ಈಸ್ಟನ್ ಎಂಬಲ್ಲಿ ಸಂಧಿಯ ಮಾತುಕತೆ ನಡೆದಾಗ ಲೆನಾಪೆ ನಾಯಕ ಟೀಡ್ಯುಸ್ಕಂಗ್ ತನ್ನ ಪರವಾಗಿಯೂ ಒಬ್ಬ ಬರಹಗಾರ ಇರಬೇಕೆಂದು ಪಟ್ಟು ಹಿಡಿದ. ಸರ್ಕಾರದವರು ಬರೆದುಕೊಂಡದ್ದೇ ಕಡೆಗೆ ಸತ್ಯವಾಗಿ ನಿಲ್ಲುತ್ತದೆ ಎಂಬುದನ್ನು ಅವನು ಅನುಭವದಿಂದ ಕಲಿತಿದ್ದ. ಆ ಕೆಲಸಕ್ಕೆ ಬಂದವನು ಲ್ಯಾಟಿನ್ ಮೇಷ್ಟ್ರು ಥಾಮ್ಸನ್. ಅವನ ದಾಖಲೆ ಎಷ್ಟು ನಿಷ್ಠವಾಗಿತ್ತೆಂದರೆ ಲೆನಾಪೆಗಳು ಅವನನ್ನು ತಮ್ಮ ಕುಲಕ್ಕೆ ಸೇರಿಸಿಕೊಂಡು, ನಿಜ ನುಡಿಯುವವನು ಎಂಬ ಅರ್ಥದ ಹೆಸರಿಟ್ಟರು. ಈ ಜನ ಇಂಗ್ಲಿಷರಿಂದ ದೂರವಾದದ್ದಕ್ಕೆ ಕಾರಣಗಳೇನು ಎಂಬುದನ್ನು ವಿವರಿಸಿ ಅವನು ಬರೆದ ಪುಸ್ತಕ 1759ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಸಂಧಿಪತ್ರಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ಹೋಲಿಸಿ, ಎಲ್ಲಿ ಮೋಸವಾಯಿತೆಂದು ತೋರಿಸುವ ಆ ಪುಸ್ತಕದಲ್ಲಿ ಗ್ರಂಥಸಂಪಾದಕನ ಶಿಸ್ತಿದೆ.

1760ರಲ್ಲಿ ಥಾಮ್ಸನ್ ಶಾಲೆಯನ್ನು ಬಿಟ್ಟು ವ್ಯಾಪಾರಕ್ಕಿಳಿದ. ಬ್ರಿಟಿಷ್ ಸಂಸತ್ತು 1765ರಲ್ಲಿ ಮುದ್ರಾಂಕ ತೆರಿಗೆ ಹೇರಿದಾಗಿನಿಂದ ಫಿಲಡೆಲ್ಫಿಯದ ಪ್ರತಿಭಟನೆಗಳ ಮುಂಚೂಣಿಯಲ್ಲಿ ಅವನಿದ್ದ. ಬಾಸ್ಟನ್ನಿಗೆ ಸ್ಯಾಮ್ಯುಯೆಲ್ ಆಡಮ್ಸ್ ಹೇಗೋ ಫಿಲಡೆಲ್ಫಿಯಕ್ಕೆ ಥಾಮ್ಸನ್ ಹಾಗೆ ಎಂದು ಜಾನ್ ಆಡಮ್ಸ್ ತನ್ನ ದಿನಚರಿಯಲ್ಲಿ ಗುರುತಿಸಿಕೊಂಡದ್ದುಂಟು. ಅಷ್ಟರಲ್ಲಿ ಅವನ ಮೊದಲ ಹೆಂಡತಿ ರೂತ್ ಮೇದರ್ ತೀರಿಕೊಂಡಿದ್ದಳು. 1774ರ ಸೆಪ್ಟೆಂಬರ್ 1ರಂದು ಹ್ಯಾರಿಟನ್ ಜಮೀನಿನ ಒಡೆತನದ ಹ್ಯಾನಾ ಹ್ಯಾರಿಸನ್ನಳನ್ನು ಅವನು ಮದುವೆಯಾದ. ನಾಲ್ಕು ದಿನಗಳ ಮೇಲೆ ಹದಿಮೂರು ವಸಾಹತುಗಳ ಪೈಕಿ ಹನ್ನೆರಡರ ಪ್ರತಿನಿಧಿಗಳು ಸೇರಲಿದ್ದ ಕಾಂಟಿನೆಂಟಲ್ ಕಾಂಗ್ರೆಸ್ಸು ಫಿಲಡೆಲ್ಫಿಯದ ಬಡಗಿಗಳ ಸಂಘದ ಭವನದಲ್ಲಿ ಆರಂಭವಾಗಿ, ಈ ಹೊಸ ಮದುಮಗನನ್ನು ಕಾರ್ಯದರ್ಶಿಯ ಕುರ್ಚಿಯಲ್ಲಿ ಕೂರಿಸಿತು. ಅಲ್ಲಿಂದ ಅವನು ಎದ್ದದ್ದು ಹದಿನೈದು ವರ್ಷಗಳ ಮೇಲೆ.

ಆ ಹದಿನೈದು ವರ್ಷಗಳಲ್ಲಿ ಕಾಂಗ್ರೆಸ್ಸು ಬ್ರಿಟಿಷ್ ಸೈನ್ಯಕ್ಕೆ ಹೆದರಿಯೋ, ಸಂಬಳ ಕೇಳಲು ಬಂದ ಸ್ವಂತ ಸಿಪಾಯಿಗಳಿಗೆ ಹೆದರಿಯೋ ಊರಿಂದೂರಿಗೆ ಅಲೆಯಿತು: ಬಾಲ್ಟಿಮೋರ್, ಲ್ಯಾಂಕಾಸ್ಟರ್, ಯಾರ್ಕ್, ಪ್ರಿನ್ಸ್‌ಟನ್, ಅನ್ನಾಪೊಲಿಸ್, ಟ್ರೆಂಟನ್, ಕೊನೆಗೆ ನ್ಯೂಯಾರ್ಕ್. ಅಧ್ಯಕ್ಷರು ಒಬ್ಬರಾದ ಮೇಲೊಬ್ಬರು ಬಂದು ಹೋದರು. ಪ್ರತಿನಿಧಿಗಳು ಬದಲಾದರು. ಕಡತಗಳ ಪೆಟ್ಟಿಗೆಗಳೊಂದಿಗೆ ಕಾರ್ಯದರ್ಶಿ ಮಾತ್ರ ಬದಲಾಗದೆ ಸಾಗಿದ. ಅವನ ನಡಾವಳಿ ಪುಸ್ತಕದ ಕ್ರಮವೊಂದನ್ನು ಇಲ್ಲಿ ಹೇಳಬೇಕು. ಸಭೆ ಅಂಗೀಕರಿಸಿದ್ದನ್ನು ಅವನು ಬರೆಯುತ್ತಿದ್ದ, ಸಭೆ ಜಗಳಾಡಿದ್ದನ್ನು ಬರೆಯುತ್ತಿರಲಿಲ್ಲ. ಹೀಗಾಗಿ ಕಾಂಗ್ರೆಸ್ಸಿನ ಅಧಿಕೃತ ನಡಾವಳಿಯನ್ನು ಓದುವವರಿಗೆ ಅಲ್ಲಿ ಕೇಳಿಸುವುದು ಒಂದೇ ದನಿ. ಇದು ಎಲ್ಲರಿಗೂ ಹಿಡಿಸಲಿಲ್ಲ. ತನ್ನ ಮಾತನ್ನು ತಪ್ಪಾಗಿ ದಾಖಲಿಸಲಾಗಿದೆ ಎಂದು ಸಿಟ್ಟಾದ ಜೇಮ್ಸ್ ಸಿಯರ್ಲ್ ಎಂಬ ಪ್ರತಿನಿಧಿ ಸಭಾಂಗಣದಲ್ಲೇ ಬೆತ್ತ ಎತ್ತಿ, ಇಬ್ಬರ ಮುಖಕ್ಕೂ ಗಾಯವಾದ ಪ್ರಸಂಗವೂ ನಡೆಯಿತು. ಅಂಥದ್ದು ನಡಾವಳಿಗೆ ಸಲ್ಲುವ ವಿಷಯವಲ್ಲ.

ಮಹಾಮುದ್ರೆಯ ಕಥೆ ಈ ಅವಧಿಯದು. ಹೊಸ ರಾಷ್ಟ್ರ ಪರದೇಶಗಳೊಡನೆ ಒಪ್ಪಂದ ಮಾಡಿಕೊಳ್ಳಬೇಕಾದರೆ ಪತ್ರಗಳಿಗೆ ಒತ್ತಲು ಒಂದು ಮುದ್ರೆ ಬೇಕು. ಸ್ವಾತಂತ್ರ್ಯ ಘೋಷಣೆಯನ್ನು ಅಂಗೀಕರಿಸಿದ ದಿನವೇ, 1776ರ ಜುಲೈ 4ರಂದು, ಕಾಂಗ್ರೆಸ್ಸು ಫ್ರಾಂಕ್ಲಿನ್, ಜಾನ್ ಆಡಮ್ಸ್ ಮತ್ತು ಜೆಫರ್ಸನ್ ಮೂವರನ್ನು ಈ ಕೆಲಸಕ್ಕೆ ನೇಮಿಸಿತು. ಮೂವರಿಗೂ ಚಿತ್ರಕಲೆ ಬಾರದು. ಅವರು ನೆರವಿಗೆ ಕರೆದದ್ದು ಜಿನೀವದಲ್ಲಿ ಹುಟ್ಟಿ ಫಿಲಡೆಲ್ಫಿಯದಲ್ಲಿ ನೆಲೆಸಿದ್ದ ಪಿಯರ್ ಯೂಜೀನ್ ದ್ಯು ಸಿಮಿಟಿಯೇರ್ ಎಂಬ ಕಲಾವಿದನನ್ನು. ‘ಎ ಪ್ಲೂರಿಬುಸ್ ಊನುಮ್’ ಎಂಬ ವಾಕ್ಯ ಮೊದಲು ಕಾಣಿಸಿಕೊಂಡದ್ದು ಅವನ ರೇಖಾಚಿತ್ರದಲ್ಲಿ.

ವಾಕ್ಯ ಅವನಿಗೆ ಎಲ್ಲಿ ಸಿಕ್ಕಿತು? ಇಲ್ಲಿ ವಿದ್ವಾಂಸರು ಎರಡು ದಾರಿಗಳನ್ನು ತೋರಿಸುತ್ತಾರೆ. ಮೊದಲನೆಯದು ಒಂದು ಅಡುಗೆಮನೆಗೆ ಹೋಗುತ್ತದೆ. ವರ್ಜಿಲ್ ಕವಿಯ ಹೆಸರಿನಲ್ಲಿ ಹಿಂದಿನಿಂದ ಬಂದಿರುವ, ಆದರೆ ಅವನದಲ್ಲವೆಂದು ಬಹುಮಂದಿ ಒಪ್ಪಿರುವ ‘ಮೊರೇಟುಮ್’ ಎಂಬ ಸಣ್ಣ ಲ್ಯಾಟಿನ್ ಕಾವ್ಯವಿದೆ. ಬಡ ರೈತನೊಬ್ಬ ಚಳಿಗಾಲದ ನಸುಕಿನಲ್ಲಿ ಎದ್ದು ಬೆಳ್ಳುಳ್ಳಿ, ಉಪ್ಪು, ಗಿಣ್ಣು, ಕೊತ್ತಂಬರಿ ಮೊದಲಾದ ಸೊಪ್ಪುಗಳನ್ನು ಒರಳಿಗೆ ಹಾಕಿ ಅರೆಯುವುದೇ ಅದರ ವಸ್ತು. ಸೊಪ್ಪಿನ ಹಸುರೂ ಗಿಣ್ಣಿನ ಬಿಳುಪೂ ಮೆಲ್ಲಮೆಲ್ಲನೆ ತಂತಮ್ಮ ಸತ್ವವನ್ನು ಬಿಟ್ಟುಕೊಟ್ಟು, ಹಸುರೂ ಅಲ್ಲದ ಬಿಳಿಯೂ ಅಲ್ಲದ ಒಂದೇ ಬಣ್ಣವಾಗುವುದನ್ನು ಕವಿ ವರ್ಣಿಸುವಾಗ ಹೆಚ್ಚುಕಡಿಮೆ ಇದೇ ಮಾತು ಬರುತ್ತದೆ. ಅಲ್ಲಿ ಪದ ‘ಊನುಸ್’, ಪುಲ್ಲಿಂಗ. ಏಕೆಂದರೆ ಲ್ಯಾಟಿನ್ನಿನಲ್ಲಿ ಬಣ್ಣ ಎಂಬ ಶಬ್ದ ಪುಲ್ಲಿಂಗ. ಮುದ್ರೆಯಲ್ಲಿರುವುದು ‘ಊನುಮ್’, ನಪುಂಸಕಲಿಂಗ. ಒಬ್ಬ, ಒಂದು ಎಂಬ ಭೇದವನ್ನು ಪಾಲಿಸುವ ಕನ್ನಡದವರಿಗೆ ಇದು ಸಣ್ಣ ವ್ಯತ್ಯಾಸವಲ್ಲ. ‘ಎ’ ಎಂದರೆ ಇಂದ. ‘ಪ್ಲೂರಿಬುಸ್’ ಎಂಬುದು ಹೆಚ್ಚು ಎಂಬರ್ಥದ ಶಬ್ದದ ಪಂಚಮೀ ಬಹುವಚನ. ಸ್ನೇಹಿತರ ಬಗ್ಗೆ ಸಿಸೆರೋ, ಅಂಥದೇ ಆಶಯದಿಂದ ಸಂತ ಆಗಸ್ಟೀನ್, ಇದಕ್ಕೆ ಸಮೀಪದ ಮಾತನ್ನು ಆಡಿರುವುದುಂಟು. ಹಾಗೆ ನೋಡಿದರೆ ಇದು ಲ್ಯಾಟಿನ್ ಬಲ್ಲವರ ನಾಲಗೆಯ ಮೇಲೆ ಸುಳಿದಾಡುತ್ತಿದ್ದ ನುಡಿಗಟ್ಟು.

ಎರಡನೆಯ ದಾರಿ ಹೆಚ್ಚು ನಂಬಲರ್ಹವಾದದ್ದು. ಅದು ಲಂಡನ್ನಿನ ಒಂದು ಮುದ್ರಣಾಲಯಕ್ಕೆ ಹೋಗುತ್ತದೆ. 1731ರಲ್ಲಿ ಎಡ್ವರ್ಡ್ ಕೇವ್ ಆರಂಭಿಸಿದ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಎಂಬ ಮಾಸಪತ್ರಿಕೆ ವಸಾಹತುಗಳ ವಿದ್ಯಾವಂತರ ಮನೆಮನೆಗೂ ಬರುತ್ತಿತ್ತು. ಹಲವು ಪತ್ರಿಕೆಗಳ ಲೇಖನಗಳನ್ನು ಆಯ್ದು ಒಂದೆಡೆ ಕೊಡುವುದು ಅದರ ಕ್ರಮ. ಅದಕ್ಕೆ ತಕ್ಕಂತೆ ಅದರ ಮುಖಪುಟದಲ್ಲಿ ಹೂಗೊಂಚಲನ್ನು ಹಿಡಿದ ಒಂದು ಕೈ, ಜೊತೆಗೆ ಈ ಮೂರು ಪದಗಳು, ಅದೇ ನಪುಂಸಕ ರೂಪದಲ್ಲಿ, ಇರುತ್ತಿದ್ದವು. ಕೇವ್ ಕೂಡ ಅದನ್ನು 1692ರಷ್ಟು ಹಳೆಯ ಮತ್ತೊಂದು ಪತ್ರಿಕೆಯಿಂದ ಎತ್ತಿಕೊಂಡಿದ್ದ. ಮಹಾರಾಷ್ಟ್ರವೊಂದರ ಧ್ಯೇಯವಾಕ್ಯ ಸಂಗ್ರಹ ಪತ್ರಿಕೆಯೊಂದರ ಮುಖಪುಟದಿಂದ ಬಂದಿರಬಹುದೆಂಬುದು ಕೆಲವರಿಗೆ ಕಸಿವಿಸಿ ತಂದೀತು. ಆದರೆ ಈ ಎರಡು ಮೂಲಗಳು ನೀಡುವ ಚಿತ್ರಗಳು ಬೇರೆಬೇರೆ. ಒರಳಿಗೆ ಬಿದ್ದದ್ದು ತನ್ನತನವನ್ನು ಕಳೆದುಕೊಳ್ಳುತ್ತದೆ. ಗೊಂಚಲಿನಲ್ಲಿ ಗುಲಾಬಿ ಗುಲಾಬಿಯಾಗಿಯೇ ಇರುತ್ತದೆ. ಕೈ ಅವನ್ನು ಒಟ್ಟಿಗೆ ಹಿಡಿದಿರುತ್ತದೆ, ಅಷ್ಟೆ. ಅಮೆರಿಕದಲ್ಲಿ ವಲಸಿಗರ ಬಗ್ಗೆ, ಭಾಷೆಗಳ ಬಗ್ಗೆ ಮುಂದೆ ನಡೆದ ಎಲ್ಲ ಚರ್ಚೆಗಳೂ ಈ ಒರಳು ಮತ್ತು ಈ ಗೊಂಚಲಿನ ನಡುವೆಯೇ ತುಯ್ದಾಡಿವೆ ಎನ್ನಬಹುದು.

ದ್ಯು ಸಿಮಿಟಿಯೇರನ ಗುರಾಣಿಯಲ್ಲಿ ಆರು ಅಂಕಣಗಳಿದ್ದವು. ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್, ಫ್ರಾನ್ಸ್, ಹಾಲೆಂಡ್, ಜರ್ಮನಿ, ಈ ಆರು ದೇಶಗಳ ಚಿಹ್ನೆಗಳು ಅಲ್ಲಿದ್ದವು. ಅಮೆರಿಕಕ್ಕೆ ಬಂದು ನೆಲೆಸಿದ ಜನ ಇವರು ಎಂಬುದು ಅದರ ಸೂಚನೆ. ಸುತ್ತಲೂ ಹದಿಮೂರು ರಾಜ್ಯಗಳ ಹೆಸರಿನ ಮೊದಲ ಅಕ್ಷರಗಳುಳ್ಳ ಹದಿಮೂರು ಪುಟ್ಟ ಗುರಾಣಿಗಳು. ಎಂದರೆ ಅವನ ‘ಹಲವು’ ಎರಡು ಬಗೆಯದು, ಜನಾಂಗಗಳು ಮತ್ತು ರಾಜ್ಯಗಳು. ಆ ವರ್ಷದ ಆಗಸ್ಟಿನಲ್ಲಿ ಸಭೆಯ ಮುಂದೆ ಬಂದ ಈ ಯೋಜನೆಯನ್ನು ಕಾಂಗ್ರೆಸ್ಸು ಬದಿಗಿಟ್ಟಿತು. 1780ರ ಎರಡನೆಯ ಸಮಿತಿಗೆ ಫ್ರಾನ್ಸಿಸ್ ಹಾಪ್ಕಿನ್ಸನ್ ಪಟ್ಟೆಗಳನ್ನೂ ಹದಿಮೂರು ನಕ್ಷತ್ರಗಳನ್ನೂ ಆಲಿವ್ ಕೊಂಬೆಯನ್ನೂ ಒದಗಿಸಿದ. 1782ರ ಮೂರನೆಯ ಸಮಿತಿಗೆ ವಿಲಿಯಂ ಬಾರ್ಟನ್ ಎಂಬ ಯುವಕ ಹದ್ದನ್ನೂ, ತುದಿ ಮುಗಿಯದ ಪಿರಮಿಡ್ಡನ್ನೂ ತಂದ. ಯಾವುದೂ ಸಭೆಗೆ ಒಪ್ಪಿಗೆಯಾಗಲಿಲ್ಲ. ಆರು ವರ್ಷ, ಮೂರು ಸಮಿತಿ, ಮುದ್ರೆ ಮಾತ್ರ ಇಲ್ಲ. 1782ರ ಜೂನ್ 13ರಂದು ಎಲ್ಲ ಕಾಗದಗಳನ್ನೂ ಕಾರ್ಯದರ್ಶಿಯ ಮೇಜಿಗೆ ಕಳಿಸಲಾಯಿತು.

ಥಾಮ್ಸನ್ ಒಂದು ವಾರದಲ್ಲಿ ಕೆಲಸ ಮುಗಿಸಿದ. ಪಾಠಾಂತರಗಳನ್ನು ಮುಂದಿಟ್ಟುಕೊಂಡು ಒಂದು ಪಾಠವನ್ನು ನಿರ್ಣಯಿಸುವ ಸಂಪಾದಕನಂತೆ, ಮೊದಲ ಸಮಿತಿಯಿಂದ ವಾಕ್ಯ, ಎರಡನೆಯದರಿಂದ ನಕ್ಷತ್ರ ಮತ್ತು ಕೊಂಬೆ, ಮೂರನೆಯದರಿಂದ ಹದ್ದು ಎಂದು ಆರಿಸಿದ. ಬಾರ್ಟನ್ನನ ಸಣ್ಣ ಹದ್ದು ಅಮೆರಿಕದ್ದೇ ಆದ ಬಿಳಿದಲೆಯ ಹದ್ದಾಗಿ ಬೆಳೆದು ನಡುವೆ ನಿಂತಿತು. ಬಲಗಾಲಿನಲ್ಲಿ ಕೊಂಬೆ, ಎಡಗಾಲಿನಲ್ಲಿ ಬಾಣಗಳ ಕಟ್ಟು. ಹಿಂಬದಿಗೆ ಪಿರಮಿಡ್ಡು, ಅದರ ಮೇಲೆ ಕಣ್ಣು, ವರ್ಜಿಲ್ಲನ ಕಾವ್ಯಗಳಿಂದ ರೂಪಿಸಿಕೊಂಡ ಎರಡು ನುಡಿಗಳು: ದೈವವು ಈ ಉದ್ಯಮಕ್ಕೆ ಸಮ್ಮತಿಸಿತೆಂದು ಒಂದು, ಯುಗಗಳ ಹೊಸ ಕ್ರಮ ಮೊದಲಾಯಿತೆಂದು ಇನ್ನೊಂದು. ಇವು ಲ್ಯಾಟಿನ್ ಮೇಷ್ಟ್ರ ಸ್ವಂತ ಆಯ್ಕೆ. ಜೂನ್ 20ರಂದು ವಿವರಣೆಯನ್ನು ಸಭೆಯಲ್ಲಿಟ್ಟ, ಅದೇ ದಿನ ಸಭೆ ಅಂಗೀಕರಿಸಿತು. ಸೆಪ್ಟೆಂಬರ್ 16ರಂದು, ಯುದ್ಧಕೈದಿಗಳ ವಿನಿಮಯಕ್ಕೆ ವಾಷಿಂಗ್ಟನ್ನನಿಗೆ ಅಧಿಕಾರ ಕೊಡುವ ಪತ್ರದ ಮೇಲೆ ಮುದ್ರೆ ಮೊದಲ ಬಾರಿ ಬಿದ್ದಿತು.

ಆದರೆ ಸಂಪಾದಕ ಉಳಿಸಿಕೊಂಡದ್ದರಷ್ಟೇ ಕೈಬಿಟ್ಟದ್ದೂ ಮುಖ್ಯ. ಆರು ದೇಶಗಳ ಚಿಹ್ನೆಗಳನ್ನು ಥಾಮ್ಸನ್ ಕೈಬಿಟ್ಟ. ಗುರಾಣಿಯ ಹದಿಮೂರು ಪಟ್ಟೆಗಳು ರಾಜ್ಯಗಳು, ಅವನ್ನು ಬೆಸೆಯುವ ಮೇಲಿನ ನೀಲಿ ಭಾಗ ಕಾಂಗ್ರೆಸ್ಸು, ವಾಕ್ಯ ಸೂಚಿಸುವುದು ಈ ಕೂಟವನ್ನು ಎಂದು ಅವನ ಟಿಪ್ಪಣಿ ವಿವರಿಸುತ್ತದೆ. ‘ಹಲವು’ ಎಂದರೆ ಈಗ ರಾಜ್ಯಗಳು ಮಾತ್ರ, ಜನಾಂಗಗಳಲ್ಲ. ಯಾವ ರಾಜ್ಯವೂ ಇನ್ನೊಂದರ ಮಾತು ಕೇಳದೆ ಒಕ್ಕೂಟವೇ ಮುರಿದುಬೀಳುವಂತಿದ್ದ 1782ರಲ್ಲಿ ಅದೇ ತುರ್ತಿನ ಅರ್ಥವಾಗಿತ್ತೆಂಬುದನ್ನು ಒಪ್ಪಬೇಕು. ಆದರೂ ಒಂದು ಮಾತು ಉಳಿಯುತ್ತದೆ. ದ್ಯು ಸಿಮಿಟಿಯೇರನ ಆರು ಅಂಕಣಗಳಲ್ಲಿ ಲೆನಾಪೆಗಳಿಗೆ ಜಾಗವಿರಲಿಲ್ಲ, ಆಫ್ರಿಕದಿಂದ ಹಿಡಿದು ತಂದ ಜನರಿಗೂ ಇರಲಿಲ್ಲ. ಅವರಿಬ್ಬರ ವಿಷಯವನ್ನೂ ಕಾಂಗ್ರೆಸ್ಸಿನ ಬಹುಮಂದಿಗಿಂತ ಚೆನ್ನಾಗಿ ಬಲ್ಲವನು ಥಾಮ್ಸನ್ನನೇ. ಗುಲಾಮಗಿರಿಯನ್ನು ಕಿತ್ತೊಗೆಯಬೇಕಾದ ವ್ರಣವೆಂದು ಬಗೆದು, ಧರ್ಮದಿಂದಲೋ ವಿವೇಕದಿಂದಲೋ ಅದು ಹೋಗದಿದ್ದರೆ ಒಂದು ದಿನ ರಕ್ತದಿಂದ ಹೋದೀತೆಂದು 1785ರಲ್ಲಿ ಜೆಫರ್ಸನ್ನನಿಗೆ ಬರೆದವನು ಅವನು. ಅಂತರ್ಯುದ್ಧಕ್ಕೆ ಇನ್ನೂ ಎಪ್ಪತ್ತಾರು ವರ್ಷವಿತ್ತು. ಅವನ ಪತ್ನಿಯ ಹ್ಯಾರಿಟನ್ ಜಮೀನು ಹಿಂದೆ ಗುಲಾಮರ ದುಡಿಮೆಯಿಂದ ತಂಬಾಕು ಬೆಳೆದದ್ದೆಂಬುದೂ ಇದೇ ಚರಿತ್ರೆಗೆ ಸೇರಿದ್ದು. ನಿಜ ನುಡಿಯುವವನ ಕೈಯಿಂದ ಬಂದ ಮುದ್ರೆಯಲ್ಲಿ ಈ ನಿಜಕ್ಕೆ ಅಂಕಣವಿಲ್ಲ. ವಾಕ್ಯ ಮಾತ್ರ ಅದನ್ನು ಇಟ್ಟವನ ಅರ್ಥಕ್ಕೆ ಕಟ್ಟುಬೀಳಲಿಲ್ಲ. 1786ರಲ್ಲಿ ನ್ಯೂಜೆರ್ಸಿಯ ತಾಮ್ರದ ಕಾಸುಗಳ ಮೇಲೇರಿ, 1873ರ ಕಾಯಿದೆಯಿಂದ ನಾಣ್ಯಗಳಿಗೆ ಕಡ್ಡಾಯವಾಗಿ, ಹಡಗಿನಿಂದಿಳಿದ ಲಕ್ಷಾಂತರ ವಲಸಿಗರ ಕೈಸೇರಿದ ಮೇಲೆ ಜನ ಅದನ್ನು ತಮ್ಮ ಬಗ್ಗೆಯೇ ಹೇಳಿದ ಮಾತೆಂದು ಓದಿಕೊಂಡರು. ಥಾಮ್ಸನ್ ಅಳಿಸಿದ ಅಂಕಣಗಳನ್ನು ಓದುಗರು ಮತ್ತೆ ಬರೆದುಕೊಂಡಂತಾಯಿತು. 1956ರಲ್ಲಿ ದೇವರಲ್ಲಿ ನಂಬಿಕೆಯನ್ನು ಸಾರುವ ಇಂಗ್ಲಿಷ್ ವಾಕ್ಯವನ್ನು ಕಾಯಿದೆಯಿಂದ ರಾಷ್ಟ್ರೀಯ ಧ್ಯೇಯವಾಕ್ಯವೆಂದು ಘೋಷಿಸಲಾಯಿತು. ಲ್ಯಾಟಿನ್ ವಾಕ್ಯಕ್ಕೆ ಅಂಥ ಕಾಯಿದೆಯ ಪಟ್ಟ ಎಂದೂ ದೊರೆತದ್ದಿಲ್ಲ. ಆದರೆ ಅದು ಹದ್ದಿನ ಕೊಕ್ಕನ್ನು ಬಿಟ್ಟೂ ಹೋಗಿಲ್ಲ.

1789ರಲ್ಲಿ ಹೊಸ ಸಂವಿಧಾನದಂತೆ ವಾಷಿಂಗ್ಟನ್ ರಾಷ್ಟ್ರಾಧ್ಯಕ್ಷನಾಗಿ ಆಯ್ಕೆಯಾದಾಗ ಆ ಸುದ್ದಿ ತಿಳಿಸಲು ನ್ಯೂಯಾರ್ಕಿನಿಂದ ಮೌಂಟ್ ವರ್ನನ್ನಿಗೆ ಒಂದು ವಾರ ಪ್ರಯಾಣ ಮಾಡಿದವನು ಅರವತ್ತರ ಹತ್ತಿರದ ಥಾಮ್ಸನ್. ಹೊಸ ಸರ್ಕಾರದಲ್ಲಿ ತನಗೂ ಒಂದು ಗೌರವದ ಸ್ಥಾನ ದೊರೆತೀತೆಂಬ ನಿರೀಕ್ಷೆ ಅವನಿಗಿತ್ತು, ದೊರೆಯಲಿಲ್ಲ. ಹದಿನೈದು ವರ್ಷಗಳ ಜಗಳಗಳು ಹಗೆಗಳನ್ನೂ ಸಂಪಾದಿಸಿಕೊಟ್ಟಿದ್ದವು. ಜುಲೈ ತಿಂಗಳಲ್ಲಿ ಅವನು ರಾಜೀನಾಮೆಯಿತ್ತು, ಕಡತಗಳನ್ನೂ ಮಹಾಮುದ್ರೆಯನ್ನೂ ಒಪ್ಪಿಸಿ ಹ್ಯಾರಿಟನ್ನಿಗೆ ಮರಳಿದ.

ಅಲ್ಲಿ ಅವನು ಮತ್ತೆ ಗ್ರೀಕ್ ಪುಸ್ತಕ ತೆರೆದ. ಹಳೆಯ ಒಡಂಬಡಿಕೆಯ ಪ್ರಾಚೀನ ಗ್ರೀಕ್ ಅನುವಾದವಾದ ಸೆಪ್ಟುವಜಿಂಟನ್ನು ಇಂಗ್ಲಿಷಿಗೆ ತರುವುದು ಅವನ ಸಂಕಲ್ಪ. ಪರಂಪರೆಯ ಪ್ರಕಾರ ಎಪ್ಪತ್ತೆರಡು ಪಂಡಿತರು ಮಾಡಿದ ಅನುವಾದವದು. ಅದನ್ನು ಇಂಗ್ಲಿಷಿಸಲು ಕುಳಿತವನು ಒಬ್ಬನೇ ಮುದುಕ. ಇಡೀ ಹಸ್ತಪ್ರತಿಯನ್ನು ನಾಲ್ಕು ಸಲ ತಿದ್ದಿ ಬರೆದ. 1808ರಲ್ಲಿ ಫಿಲಡೆಲ್ಫಿಯದ ಜೇನ್ ಏಟ್ಕಿನ್ ಎಂಬಾಕೆ ಅದನ್ನು ನಾಲ್ಕು ಸಂಪುಟಗಳಲ್ಲಿ ಮುದ್ರಿಸಿದಳು. ತಂದೆಯ ಅಚ್ಚುಕೂಟದ ಜೊತೆ ಅವನ ಸಾಲವೂ ಆಕೆಯ ಪಾಲಿಗೆ ಬಂದಿತ್ತು. ಸೆಪ್ಟುವಜಿಂಟಿನ ಮೊದಲ ಇಂಗ್ಲಿಷ್ ಅನುವಾದ ಅದು. ಅಮೆರಿಕದಲ್ಲಿ ಹೆಂಗಸೊಬ್ಬಳು ಮುದ್ರಿಸಿದ ಮೊದಲ ಬೈಬಲ್ಲೂ ಹೌದು. ಕೊಂಡವರು ಕಡಿಮೆ, ಬಹಳಷ್ಟು ಪ್ರತಿಗಳು ಕಡೆಗೆ ರದ್ದಿಯಾದವು. ಒಂದು ವರ್ಷ ಮೊದಲೇ ಹ್ಯಾನಾ ತೀರಿಕೊಂಡಿದ್ದಳು.

ಇನ್ನೊಂದು ಹಸ್ತಪ್ರತಿಯ ಗತಿ ಬೇರೆ. ಕಾಂಗ್ರೆಸ್ಸಿನ ಒಳಗೆ ನಿಜವಾಗಿ ನಡೆದದ್ದೇನು, ಯಾರು ಯಾರನ್ನು ಹಳಿದರು, ಯಾರು ಯಾವಾಗ ಹಿಂಜರಿದರು, ನಡಾವಳಿಗೆ ಸಲ್ಲದ ಇಂಥ ವಿಷಯಗಳ ಚರಿತ್ರೆಯೊಂದನ್ನು ಥಾಮ್ಸನ್ ಬರೆದಿದ್ದ. ಸಾವಿರ ಪುಟಗಳಿಗೂ ಮಿಕ್ಕಿದ್ದ ಅದನ್ನು ಪ್ರಕಟಿಸೆಂದು ಕೇಳಿದವರು ಅನೇಕರು. ಅದು ಹೊರಬಿದ್ದರೆ ಕ್ರಾಂತಿಯ ಮಹಾಪುರುಷರ ಬಗ್ಗೆ ಜನ ನಂಬಿರುವುದೆಲ್ಲ ಸುಳ್ಳಾಗುತ್ತದೆ, ಆ ನಂಬಿಕೆ ಮುಂದಿನವರಿಗೆ ಉಪಕಾರಿ ಎಂದು ಹೇಳಿ ಅವನು ಅದನ್ನು ತನ್ನ ಕೈಯಾರೆ ನಾಶಮಾಡಿದ. ಚರಿತ್ರಕಾರರು ಇದನ್ನು ಕ್ಷಮಿಸಿಲ್ಲ, ಕ್ಷಮಿಸುವುದು ಕಷ್ಟ. ಈಸ್ಟನ್ನಿನಲ್ಲಿ ಸರ್ಕಾರದ ಒಂದೇ ದಾಖಲೆಯನ್ನು ನಂಬಲಾಗದೆಂದು ಎರಡನೆಯ ದಾಖಲೆ ಬರೆದಿದ್ದವನೇ, ಇಲ್ಲಿ ಎರಡನೆಯ ದಾಖಲೆಯನ್ನು ಇಲ್ಲವಾಗಿಸಿ ತನ್ನ ಅಧಿಕೃತ ನಡಾವಳಿಯನ್ನಷ್ಟೇ ಉಳಿಸಿದ. ಹಲವು ದನಿಗಳು ಒಂದಾದದ್ದು ಹೀಗೆ.

ಥಾಮ್ಸನ್ ತೀರಿಕೊಂಡದ್ದು 1824ರ ಆಗಸ್ಟ್ 16ರಂದು, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ. ಕೊನೆಯ ವರ್ಷಗಳಲ್ಲಿ ನೆನಪು ಕೈಕೊಟ್ಟಿತ್ತು. ಅದೇ ದಿನ ಫ್ರಾನ್ಸಿನಿಂದ ಬಂದ ಕ್ರಾಂತಿವೀರ ಲಫಯೆತ್ ನ್ಯೂಯಾರ್ಕ್ ನಗರವನ್ನು ಪ್ರವೇಶಿಸಿದ. ಅವನನ್ನು ನೋಡಲು ಊರಿಗೆ ಊರೇ ನೆರೆದಿತ್ತು. ಥಾಮ್ಸನ್ನನನ್ನು ಹ್ಯಾರಿಟನ್ನಿನ ಕುಟುಂಬದ ಸ್ಮಶಾನದಲ್ಲಿ ಹ್ಯಾನಾಳ ಬಳಿ ಹೂಳಲಾಯಿತು. 1838ರ ಹೊತ್ತಿಗೆ ಫಿಲಡೆಲ್ಫಿಯದ ಹೊರವಲಯದಲ್ಲಿ ಲಾರೆಲ್ ಹಿಲ್ ಎಂಬ ಹೊಸ ಸ್ಮಶಾನೋದ್ಯಾನ ತಲೆಯೆತ್ತಿತ್ತು. ಪ್ರಸಿದ್ಧರ ಗೋರಿಗಳಿದ್ದರೆ ಅದರ ಹೆಸರು ಬೆಳೆಯುತ್ತದೆಂಬ ಲೆಕ್ಕಾಚಾರವಿತ್ತು. ಹ್ಯಾರಿಟನ್ನಿನ ನೆಲವನ್ನು ಅಗೆದು ದಂಪತಿಗಳ ಅಸ್ಥಿಗಳನ್ನು ಅಲ್ಲಿಗೆ ಸಾಗಿಸಲಾಯಿತು. ಅಗೆದು ತೆಗೆದದ್ದು ಅವರದೇ ಅಸ್ಥಿಗಳೋ, ಪಕ್ಕದ ಗೋರಿಯವರದೋ ಎಂಬ ಸಂಶಯ ಆಗ ಹುಟ್ಟಿದ್ದು ಇನ್ನೂ ಬಗೆಹರಿದಿಲ್ಲ.